ಬಗ್ಗದ ಕಾಲರ್

ಕಾಲರಿನ ಹುಕ್ಕು ಮತ್ತೆ ಜಾರಿತು. ದರ್ಜಿಯ ಹೆಂಡತಿ ಒಂದು ಕೈಯಲ್ಲಿ ಗಂಡನ ತಣ್ಣಗಾದ ಗದ್ದ ಎತ್ತಿ ಹಿಡಿದು, ಇನ್ನೊಂದರಲ್ಲಿ ಹುಕ್ಕು ಎಳೆಯುತ್ತಿದ್ದಳು.

"ಬಿಡಿ ಅತ್ತಿಗೆ, ಅಣ್ಣನ ಹಳೇ ವೇಸ್ಟ್‌ಕೋಟೇ ಹಾಕೋಣ," ಎಂದ ಡ್ರಮ್ಮಿನವನು. ಒಂದು ಕಾಲಕ್ಕೆ ಮೂವರೂ ಒಂದೇ ರಂಗಮಂದಿರದಲ್ಲಿದ್ದವರು. ದರ್ಜಿ ಹೊಲಿಯುತ್ತಿದ್ದ, ಅವಳು ಹಾಡುತ್ತಿದ್ದಳು, ಇವನು ಬಾರಿಸುತ್ತಿದ್ದ. "ಈ ಸರ್ಕಾರದವರ ಸಮವಸ್ತ್ರದಲ್ಲಾ ಅಣ್ಣನ್ನ ಮಣ್ಣಿಗೆ ಕಳಿಸೋದು?"

"ನನಗೇನು ಆಸೆ ಅನ್ಕೊಂಡ್ಯಾ? ಬೆಳಿಗ್ಗೆ ಅಧಿಕಾರಿ ಬಟ್ಟೆ ತಂದುಕೊಟ್ಟು ಏನಂದ ಗೊತ್ತಾ? 'ಎಲ್ಲಾ ಮರ್ಯಾದೆಯಾಗಿ ನಡೆದ್ರೆ ಸೋಮವಾರ ನಿಮ್ಮ ಮಗ ಮನೆಗೆ ಬರ್ತಾನಮ್ಮ' ಅಂದ. ಹುಡುಗ ಜೈಲಲ್ಲಿದ್ದಾನೆ ಕಣೋ. ಬಸ್ಸಲ್ಲಿ ಏನೋ ಜೋಕ್ ಹೇಳಿದ್ನಂತೆ."

"ಅಪ್ಪನ ಮಗ."

"ಹೂಂ. ಅದೇ ತಪ್ಪಾಯ್ತು."

ಹುಕ್ಕು ಸಿಕ್ಕಿತು. ಸತ್ತವನ ಗದ್ದ ತಾನಾಗಿ ಮೇಲೆದ್ದು ಮುಖಕ್ಕೆ ಜಂಬ ಬಂತು. ಬದುಕಿದ್ದಾಗ ಆ ಮುಖ ಜಂಬವನ್ನೇ ಕಂಡಿರಲಿಲ್ಲ.

*

ಆ ಕಾಲರ್ ಹುಟ್ಟಿದ್ದು ನಗಿಸುವುದಕ್ಕೆ. ಆಗ ಅವರ ರಂಗಮಂದಿರದಲ್ಲಿ ಹಾಡು, ಕುಣಿತಗಳ ಒಂದು ನಾಟಕವಿತ್ತು. ಅದರ ಕಥೆ ನಡೆಯುವುದು ಒಂದು ಕ್ಲಬ್ಬಿನಲ್ಲಿ. ದರ್ಜಿಯ ಹೆಂಡತಿಯದೇ ಹಾಡುಗಾರ್ತಿಯ ಪಾತ್ರ. ಅವಳು ಹಾಡುತ್ತಾಳೆ, ಗಿರಾಕಿಗಳು ಕುಡಿಯುತ್ತಾರೆ. ಹಾಡು ಮುಗಿದಂತೆಲ್ಲ ಸಮವಸ್ತ್ರದವರು ಒಂದೊಂದೇ ಮೇಜು ಹಿಡಿಯುತ್ತಾ ಹೋಗಿ, ಕೊನೆಗೆ ಬೇರೆಯವರಿಗೆ ಜಾಗವೇ ಇರುವುದಿಲ್ಲ. ಹೊರಗೆ ಬೀದಿಯಲ್ಲೂ ಅಂಥವರು ಆಗಷ್ಟೇ ದೊಣ್ಣೆ ಹಿಡಿದು ತಿರುಗತೊಡಗಿದ್ದರು. ಅವರಿಗೆ ಇನ್ನೂ ಸಮವಸ್ತ್ರವಿರಲಿಲ್ಲ.

ತಾಲೀಮಿನ ಒಂದು ಮಧ್ಯಾಹ್ನ ದರ್ಜಿ ಆ ನಾಟಕದ ಸಮವಸ್ತ್ರದ ಕಾಲರನ್ನು ಬೇಕೆಂದೇ ಒಂದು ಬೆರಳು ಎತ್ತರಿಸಿ, ಒಳಗೆ ಗಟ್ಟಿ ಕ್ಯಾನ್ವಾಸು ಕೊಟ್ಟು ಹೊಲಿದ. ತೊಟ್ಟವನ ಕತ್ತು ಬಗ್ಗದು. ಹಾಡುಗಾರ್ತಿಗೆ ವಂದಿಸಬೇಕಾದರೆ ಸೊಂಟದಿಂದಲೇ ಹಲಗೆಯಂತೆ ಬಾಗಬೇಕು. ಬಾಗಿದೊಡನೆ ಡ್ರಮ್ಮಿನವನು ಪಕ್ಕದ ಹಿತ್ತಾಳೆ ತಟ್ಟೆಗೆ ಝಣ್ಣೆಂದು ಒಂದೇಟು ಹಾಕುತ್ತಿದ್ದ. ಜನ ಹೊಟ್ಟೆ ಹುಣ್ಣಾಗುವಷ್ಟು ನಗುತ್ತಿದ್ದರು.

ಇಡೀ ನಾಟಕವನ್ನು ಕ್ಯಾಮೆರಾದಲ್ಲಿ ಹಿಡಿದು ಊರೂರಿಗೆ ತೋರಿಸಿದರು. ಬೀದಿಯ ದೊಣ್ಣೆಯವರ ನಾಯಕನೂ ಅದನ್ನು ನೋಡಿದ. ಅವನು ಗದ್ದುಗೆ ಏರಿದ್ದೇ ನಾಟಕ ನಿಂತಿತು, ಫಿಲ್ಮು ಸುಟ್ಟರು, ಬರೆದವನು ಎಲ್ಲಿ ಹೋದನೆಂದು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ. ಬಟ್ಟೆ ಮಾತ್ರ ನಾಯಕನ ಮನಸ್ಸಿಗೆ ಹಿಡಿಸಿತ್ತು. "ಎಷ್ಟು ಸೆಟೆದು ನಿಲ್ತಾರೆ ನೋಡಿ! ನಮ್ಮ ಹುಡುಗರಿಗೂ ಇದೇ ಇರಲಿ," ಎಂದನಂತೆ.

"ಹೊಲಿಯಲ್ಲ ಅಂದ್ರೆ ನನ್ನೂ ಎತ್ತಾಕ್ಕೊಂಡು ಹೋಗ್ತಾರೆ," ಎಂದ ದರ್ಜಿ ಹೆಂಡತಿಗೆ. "ಹೊಲಿದ್ರೆ, ಬೀದೀಲಿ ಇವರು ಬಗ್ಗಿದಾಗೆಲ್ಲ ಜನ ಬಿದ್ದು ಬಿದ್ದು ನಗ್ತಾರೆ. ನೋಡ್ತಿರು."

ಎಂಥ ಮಂಕು ನಂಬಿಕೆ! ಕೈ ನಡುಗುವವರೆಗೂ ಹೊಲಿದ. ಕಾಲರನ್ನು ಒಂದು ನೂಲೂ ಇಳಿಸಲಿಲ್ಲ. ಸಂಜೆ ಅಂಗಡಿ ಬಾಗಿಲಲ್ಲಿ ನಿಂತು ಬೀದಿಗೆ ಕಿವಿ ಕೊಡುತ್ತಿದ್ದ. ಯಾರೂ ನಗಲಿಲ್ಲ.

*

ಮಣ್ಣು ಮಾಡಲು ತೋಡಿದ ಗುಂಡಿಯ ಎರಡೂ ಬದಿಗೆ ಸಮವಸ್ತ್ರದವರು ಸಾಲುಗಟ್ಟಿ ನಿಂತಿದ್ದರು.

"ಪುಣ್ಯವಂತರು ಬಿಡಿ, ಸರ್ಕಾರವೇ ಎದ್ದು ಬಂದಿದೆ," ಎಂದಳು ಪಕ್ಕದ ಮನೆಯಾಕೆ, ಅಧಿಕಾರಿಯ ಕಿವಿಗೆ ಬೀಳುವಷ್ಟು ಜೋರಾಗಿ.

ಅಧಿಕಾರಿ ಗಂಟಲು ಸರಿಮಾಡಿಕೊಂಡ. "ನಾವು ತಲೆಯೆತ್ತಿ ನಿಲ್ಲೋ ಹಾಗೆ ಮಾಡಿದ ಕೈ ಇದು." ಆಮೇಲೆ ಸಾಲಿನತ್ತ ತಿರುಗಿ ಕೂಗಿದ: "ತಲೆ ಬಾಗಿಸಿ!"

ತಲೆ ಬಾಗಲಿಲ್ಲ. ಎಲ್ಲರೂ ಸೊಂಟದಿಂದ ಹಲಗೆಯಂತೆ ಬಾಗಿದರು, ಗದ್ದ ಮುಂದೆ, ಹಿಂಭಾಗ ಆಕಾಶಕ್ಕೆ. ಒಬ್ಬನ ಟೋಪಿ ಉರುಳಿ ಗುಂಡಿಗೆ ಬಿತ್ತು. ಸೇರಿದ್ದವರೆಲ್ಲ ತಮ್ಮ ತಮ್ಮ ಚಪ್ಪಲಿ ನೋಡಿಕೊಂಡರು.

ಡ್ರಮ್ಮಿನವನ ಬಲಗೈ ತನ್ನಷ್ಟಕ್ಕೆ ತಾನೇ ಮೇಲೆದ್ದಿತು. ದರ್ಜಿಯ ಹೆಂಡತಿ ಅವನ ಮಣಿಕಟ್ಟು ಹಿಡಿದೆಳೆದು ತನ್ನ ಕೋಟಿನ ಜೇಬಿಗೆ ತುರುಕಿಕೊಂಡಳು. ನಗು ಅವಳ ಗಂಟಲಿಗೂ ಬಂದಿತ್ತು. ತುಟಿ ಕಚ್ಚಿದಳು, ಭುಜ ಅಲುಗಾಡಿತು.

"ಅಳಬೇಡ್ರೀ," ಎಂದು ಪಕ್ಕದ ಮನೆಯಾಕೆ ಬೆನ್ನು ಸವರಿದಳು.

ಅಧಿಕಾರಿಗೆ ಸಮಾಧಾನವಾಯಿತು. ಅವಳೆದುರಿಗೆ ಬಂದು ಸೊಂಟದಿಂದ ಬಾಗಿದ, ಥೇಟ್ ಅಂದು ರಂಗದ ಮೇಲೆ ಹಾಡುಗಾರ್ತಿಗೆ ಬಾಗುತ್ತಿದ್ದ ಹಾಗೆ.

"ಸೋಮವಾರ ಅಲ್ವಾ ಸಾರ್?" ಎಂದು ಕೇಳಿ ಅವಳು ತಲೆ ತಗ್ಗಿಸಿದಳು. ಜೇಬಿನೊಳಗೆ, ಅವಳ ಮುಷ್ಟಿಯಲ್ಲಿ, ಡ್ರಮ್ಮಿನವನ ಬೆರಳುಗಳು ಒಮ್ಮೆ ಅದುರಿ ಸುಮ್ಮನಾದವು.