ತಿಂಗಳ ಕೊನೆಯ ದಿನ

ಸೂಪರಿಂಟೆಂಡೆಂಟರ ಅಳಿಯ ಮಹಾ ಬುದ್ಧಿವಂತ. ಇದು ನನ್ನ ಮಾತಲ್ಲ, ಸೂಪರಿಂಟೆಂಡೆಂಟರೇ ದಿನಕ್ಕೆ ನಾಲ್ಕು ಸಲ ಹೇಳುತ್ತಾರೆ. ನಮ್ಮ ಆಸ್ಪತ್ರೆಯ ಹಾಜರಿ ಎಣಿಸಲು ಕಂಪ್ಯೂಟರಿನಲ್ಲಿ ಫಾರ್ಮ್ ಮಾಡಿಕೊಟ್ಟವನು ಆ ಪುಣ್ಯಾತ್ಮನೇ. ತಿಳಿನೀಲಿ ಬಣ್ಣ, ಮೂಲೆಯಲ್ಲಿ ದಪ್ಪಕ್ಷರದಲ್ಲಿ ಅವನ ಹೆಸರು, ಒತ್ತಿದರೆ ಟಿಣ್ ಎನ್ನುವ ಗುಂಡಿ. ಯಾವ ತಾರೀಖಿನಿಂದ, ಯಾವ ತಾರೀಖಿನವರೆಗೆ ಎಂದು ಎರಡು ಖಾನೆ ತುಂಬಿದರೆ ಕೆಳಗೆ ಒಟ್ಟು ದಿನ ಬರುತ್ತದೆ. ತಿಂಗಳು ತಿಂಗಳಿಗೂ ಹಾಗೆ ತುಂಬಿ, ಬಂದ ಅಂಕಿಯನ್ನು ಪಟ್ಟಿಗೆ ಏರಿಸಿ ಸಹಿ ಹಾಕುವುದು ನನ್ನ ಕೆಲಸ. ಏಳು ವರ್ಷದಿಂದ ಮಾಡುತ್ತಿದ್ದೇನೆ, ಜಂಭ ನನಗೂ ಕಡಿಮೆಯಿಲ್ಲ.

ಅವತ್ತು ಬೆಳಿಗ್ಗೆ ಬಟ್ಟೆ ಒಗೆಯುವ ವಿಭಾಗದಿಂದ ಇಸ್ತ್ರಿ ಅಕ್ಕ ಬಂದಳು. ಬೇಡವೆಂದರೂ ಎದುರಿನ ಕುರ್ಚಿಯಲ್ಲಿ ಕೂತೇಬಿಟ್ಟಳು.

"ಮೇಡಂ, ನನ್ನ ದಿನ ಕಮ್ಮಿ ಬಂದಿದೆಯಂತೆ."

ವರ್ಷಕ್ಕೆ ಇನ್ನೂರ ನಲವತ್ತು ದಿನ ಕೆಲಸ ಮಾಡಿದವರು ಕಾಯಂ ಆಗುತ್ತಾರೆ. ಕಾಯಂ ಆದವರ ಮನೆಯವರಿಗೆ ಇದೇ ಆಸ್ಪತ್ರೆಯಲ್ಲಿ ಚಿಕಿತ್ಸೆ ಪುಕ್ಕಟೆ. ಅವಳ ಗಂಡ ದರ್ಜಿ. ಒಂದು ಕಣ್ಣು ಪೂರ್ತಿ ಹೋಗಿತ್ತು, ಇನ್ನೊಂದು ಮಂಜಾಗುತ್ತಿತ್ತು. ಈ ತಿಂಗಳೊಳಗೆ ಆಪರೇಷನ್ ಆದರೆ ಅದೊಂದಾದರೂ ಉಳಿಯುತ್ತದೆ ಎಂದು ಡಾಕ್ಟರು ಹೇಳಿದ್ದರಂತೆ. ಕಾಯಂ ಆಗುವವರ ಪಟ್ಟಿ ಅವತ್ತೇ ಮಧ್ಯಾಹ್ನ ನಾಲ್ಕಕ್ಕೆ ಮೇಲಿನ ಆಫೀಸಿಗೆ ಹೋಗುವುದಿತ್ತು. ಅದರಲ್ಲಿ ಅವಳ ಹೆಸರಿರಲಿಲ್ಲ.

"ಇನ್ನೂರ ಮೂವತ್ತೆರಡು," ಎಂದೆ. "ಎಂಟು ದಿನ ಕಮ್ಮಿ. ಚಕ್ಕರ್ ಹೊಡೆಯುವಾಗ ಯೋಚನೆ ಮಾಡಬೇಕಿತ್ತು."

"ಇಲ್ಲ ಮೇಡಂ, ಇನ್ನೂರ ನಲವತ್ತೊಂದು. ನಮ್ಮನೆಯವರು ಹೊಲಿದಿಟ್ಟಿದ್ದಾರೆ."

ಸೆರಗಿನ ಗಂಟು ಬಿಚ್ಚಿ ಒಂದು ಉದ್ದನೆಯ ಬಟ್ಟೆಪಟ್ಟಿ ತೆಗೆದಳು. ಅವಳು ಕೆಲಸಕ್ಕೆ ಬಂದ ದಿನಕ್ಕೊಂದು ಕರಿ ಹೊಲಿಗೆ, ಬಾರದ ದಿನಕ್ಕೊಂದು ಬಿಳಿ ಹೊಲಿಗೆ, ತಿಂಗಳು ಮುಗಿದರೆ ಒಂದು ಗುಂಡಿ. ನನಗೆ ನಗು ತಡೆಯಲಾಗಲಿಲ್ಲ.

"ಕಂಪ್ಯೂಟರ್‌ಗಿಂತ ನಿನ್ನ ಗಂಡನ ಸೂಜಿ ದೊಡ್ಡದಾ?"

ಅವಳು ಕುರ್ಚಿ ಬಿಟ್ಟು ಏಳಲಿಲ್ಲ. ಸರಿ, ಇವಳ ಬಾಯಿ ಮುಚ್ಚಿಸಿಯೇ ಕಳಿಸೋಣ ಎಂದುಕೊಂಡು ಮೊದಲ ತಿಂಗಳು ತೆಗೆದೆ. ಕಂಪ್ಯೂಟರಿನಲ್ಲಿ ಇಪ್ಪತ್ತು, ಬಟ್ಟೆಯಲ್ಲಿ ಇಪ್ಪತ್ತೊಂದು. ಎರಡನೆಯ ತಿಂಗಳಲ್ಲೂ ಒಂದು ಕಮ್ಮಿ. ಮೂರನೆಯದು ತಾಳೆಯಾಯಿತು. "ನೋಡಿದ್ಯಾ?" ಎಂದೆ. ನಾಲ್ಕನೆಯದರಲ್ಲಿ ಮತ್ತೆ ಒಂದು ಕಮ್ಮಿ. ಹನ್ನೆರಡೂ ನೋಡಿ ಮುಗಿಸುವಷ್ಟರಲ್ಲಿ ಒಂಬತ್ತು ತಿಂಗಳಲ್ಲಿ ಒಂದೊಂದು ದಿನ ಮಂಗಮಾಯ. ತಾಳೆಯಾದ ಮೂರು ತಿಂಗಳಲ್ಲಿ ಗುಂಡಿಗೆ ಮುಂಚಿನ ಕೊನೆಯ ಹೊಲಿಗೆ ಬಿಳಿ. ಉಳಿದ ಒಂಬತ್ತರಲ್ಲಿ ಅದು ಕರಿ. ಅಂದರೆ ತಿಂಗಳ ಕೊನೆಯ ದಿನ ಅವಳು ಕೆಲಸಕ್ಕೆ ಬಂದಾಗೆಲ್ಲ ಆ ದಿನವೇ ಕಾಣೆ. ಹೆಬ್ಬೆಟ್ಟು ಒತ್ತುವ ಯಂತ್ರದ ದಾಖಲೆ ತೆರೆದೆ. ಮೂವತ್ತೊಂದನೆಯ ತಾರೀಖು, ಬೆಳಿಗ್ಗೆ ಆರು ಗಂಟೆ ನಾಲ್ಕು ನಿಮಿಷ, ಅವಳ ಹೆಬ್ಬೆಟ್ಟು. ದಾಖಲೆಯಲ್ಲಿದೆ, ಮೊತ್ತದಲ್ಲಿಲ್ಲ.

ಅಳಿಯನಿಗೆ ಫೋನ್ ಮಾಡಿದೆ.

"ರೀಸ್ಟಾರ್ಟ್ ಮಾಡಿದ್ರಾ ಮೇಡಂ?"

"ಮಾಡಿದೆ."

"ಹಾಗಾದ್ರೆ ನೀವೇ ತಪ್ಪು ತುಂಬಿರ್ತೀರಿ. ನನ್ನ ಫಾರ್ಮುಲಾ ತಪ್ಪೋ ಮಾತೇ ಇಲ್ಲ."

ಫೋನ್ ಕುಕ್ಕಿದೆ. ಇಂಥವನಿಗೂ ಹೆಣ್ಣು ಕೊಟ್ಟರಲ್ಲ!

'ವರೆಗೆ' ಎನ್ನುವ ಖಾನೆಯಲ್ಲಿ ಮೂವತ್ತೊಂದರ ಬದಲು ಮರುದಿನದ ತಾರೀಖು ಹಾಕಿ ನೋಡಿದೆ. ಇಪ್ಪತ್ತು ಇದ್ದದ್ದು ಇಪ್ಪತ್ತೊಂದಾಯಿತು. ಆಗ ಅವನ ಬುದ್ಧಿವಂತಿಕೆ ಬಯಲಾಯಿತು. ಬರೀ ಮೂವತ್ತೊಂದು ಎಂದರೆ ಕಂಪ್ಯೂಟರಿಗೆ ಆ ದಿನ ಶುರುವಾಗುವ ನಡುರಾತ್ರಿಯ ಕ್ಷಣ ಮಾತ್ರ. ಆರು ಗಂಟೆಗೆ ಬಂದವಳು ಅದರ ಲೆಕ್ಕದಲ್ಲಿ ಗಡುವು ಮುಗಿದ ಮೇಲೆ ಬಂದವಳು. ಮೊದಲು ನಾವು ಹಾಜರಿಗೆ ಕೈಯಲ್ಲಿ ಬರೀ ತಾರೀಖು ತುಂಬುತ್ತಿದ್ದೆವು, ಮೊತ್ತ ಸರಿಯಾಗಿತ್ತು. ಎರಡು ವರ್ಷದ ಹಿಂದೆ ಹೆಬ್ಬೆಟ್ಟಿನ ಯಂತ್ರ ಬಂತು, ತಾರೀಖಿನ ಜೊತೆ ಗಂಟೆ ನಿಮಿಷವನ್ನೂ ಬರೆಯತೊಡಗಿತು. ಅಳಿಯ ತನ್ನ ಹೆಸರಿನ ಅಕ್ಷರ ಇನ್ನಷ್ಟು ದಪ್ಪ ಮಾಡಿ ಹೋದ, ಫಾರ್ಮುಲಾ ಮುಟ್ಟಲಿಲ್ಲ.

ನಾನೇ ಮುಟ್ಟಿದೆ. 'ಕೊನೆಯ ತಾರೀಖಿನವರೆಗೆ' ಎಂದಿದ್ದುದನ್ನು 'ಅದರ ಮರುದಿನಕ್ಕಿಂತ ಮೊದಲು' ಎಂದು ಬದಲಿಸಿದೆ. ಟಿಣ್. ಇನ್ನೂರ ನಲವತ್ತೊಂದು.

ಅಚ್ಚು ಹಾಕಿದ ಹಾಳೆ ಕಂಡು ಸೂಪರಿಂಟೆಂಡೆಂಟರ ಮುಖ ಹುಳ್ಳಗಾಯಿತು.

"ನನ್ನ ಅಳಿಯ ತಪ್ತಾನಾ? ಏನ್ರೀ ಮಾತಾಡ್ತೀರಾ?"

"ಯಂತ್ರದ ದಾಖಲೆ ಇದೆ ಸಾರ್. ಮೇಲಿನ ಆಫೀಸಿಗೆ ಕಳಿಸಿ ಕೇಳಲಾ?"

ಬೇಡವೇ ಬೇಡ ಎಂದು ಎರಡೂ ಕೈ ಆಡಿಸಿದರು. ಪಟ್ಟಿಗೆ ಅವಳ ಹೆಸರು ಸೇರಿಸಿ, ಕಾರಣ ಎನ್ನುವ ಕಡೆ 'ಅಳಿಯಂದಿರ ಸಲಹೆಯಂತೆ ಸುಧಾರಣೆ' ಎಂದು ಬರೆಸಿಕೊಂಡೇ ಸಹಿ ಹಾಕಿದರು. ಥೂ, ನಾಚಿಕೆಗೆಟ್ಟ ಜನ.

ಗೆದ್ದವಳ ಹಾಗೆ ಬಂದು ಹಾಳೆಯನ್ನು ಇಸ್ತ್ರಿ ಅಕ್ಕನ ಕೈಗಿಟ್ಟೆ. ಕಣ್ಣಿನ ವಿಭಾಗದಲ್ಲಿ ಇದನ್ನು ತೋರಿಸು, ಇವತ್ತೇ ದಿನ ಗೊತ್ತು ಮಾಡ್ತಾರೆ ಎಂದೆ. ಎರಡು ವರ್ಷದಿಂದ ಆ ಅಳಿಯ ಎಲ್ಲರ ದಿನ ನುಂಗಿದ್ದಾನೆ, ನಾನಿಲ್ಲದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ ಎಂದೂ ಕೊಚ್ಚಿಕೊಂಡೆ.

"ಎರಡು ವರ್ಷದಿಂದಾನಾ?" ಎಂದಳು. "ಹಾಗಾದ್ರೆ ಹೋದ ವರ್ಷದ್ದೂ ಒಂದ್ಸಲ ನೋಡಿ ಮೇಡಂ."

ನೋಡಿದೆ. ಇನ್ನೂರ ನಲವತ್ತನಾಲ್ಕು. ಹೋದ ವರ್ಷದ ಪಟ್ಟಿಯಲ್ಲಿ ಇನ್ನೂರ ಮೂವತ್ತಾರು ಎಂದಿತ್ತು, ಕೆಳಗೆ ನನ್ನ ಸಹಿ.

"ಆಗ್ಲೂ ಬಂದು ಕೇಳಿದ್ದೆ," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ಇದೇ ಬಾಗಿಲಲ್ಲಿ ನಿಲ್ಲಿಸಿ ನಗಾಡಿಬಿಟ್ರಿ. ಬಟ್ಟೆ ತೆಗೆಯೋಕೂ ಬಿಡ್ಲಿಲ್ಲ. ಅದಕ್ಕೇ ಈ ಸಲ ಬಂದವಳೇ ಕೂತ್ಬಿಟ್ಟೆ. ಆಗ ನಮ್ಮನೆಯವರಿಗೆ ಎರಡೂ ಕಣ್ಣು ಕಾಣ್ತಿತ್ತು ಮೇಡಂ."

ಹಾಳೆಯನ್ನು ಮಡಚಿ ಹಿಡಿದು ಕಣ್ಣಿನ ವಿಭಾಗದ ಕಡೆ ಓಡಿದಳು. ನಾನು ಕೂತಲ್ಲೇ ಎಷ್ಟು ತಲೆ ಕೆರೆದುಕೊಂಡರೂ, ಹೋದ ವರ್ಷ ಅವಳು ಬಂದದ್ದೇ ನನಗೆ ನೆನಪಾಗಲಿಲ್ಲ.