ಟಾಲಿಯವರ ಕೆಸರಿಗೊಂದು ಚುಟುಕ

ಗ್ರಿಸೆಲ್‌ಳ ಮದುವೆ ಎರಡು ಸಲ ಮುರಿದುಬಿದ್ದಿತ್ತು. ಎರಡು ಸಲವೂ ಅವಳಪ್ಪನ ಎರಡು ಸಾಲಿನಿಂದ.

ಮೊದಲನೆಯದು ಅಕ್ಕಸಾಲಿಗರ ಸಂಬಂಧ. ಮಾತುಕತೆ ಮುಗಿದು ಎಲ್ಲ ಕುದುರಿತ್ತು. ಹುಡುಗನ ತಂದೆ ಗಡ್ಡಕ್ಕೆ ಬಣ್ಣ ಹಚ್ಚುತ್ತಿದ್ದರು. ಹಚ್ಚಿಕೊಳ್ಳಲಿ ಬಿಡಿ, ಅವರ ಗಡ್ಡ, ಅವರ ಬಣ್ಣ. ಆದರೆ ಹುಡುಗಿಯ ಅಪ್ಪ, ವಕೀಲ ವ್ಯಾಲೆಂಟೈನ್ ಪ್ರೌಸ್‌ಗೆ ಸುಮ್ಮನಿರಲು ಆಗಬೇಕಲ್ಲ! ‘ಬಾರ್ಬಸ್‌ನ ಮಗನಿಗೆ ಮದುವೆಯ ವಯಸ್ಸು, ಬಾರ್ಬಸ್‌ನ ಗಡ್ಡಕ್ಕಿನ್ನೂ ತೊಟ್ಟಿಲ ವಯಸ್ಸು’ ಎಂದು ಗೀಚಿ ಪಡಖಾನೆಯಲ್ಲಿ ಓದಿದ. ಸಂಜೆಯೊಳಗೆ ಲಂಡನ್ನಿನ ಚೀಪ್‌ಸೈಡ್ ಬೀದಿಯ ಬಾಯಲ್ಲೆಲ್ಲ ಅದೇ. ಮಾರನೆಯ ದಿನ ಅಕ್ಕಸಾಲಿಗರ ಕಡೆಯಿಂದ ಉಂಗುರ ವಾಪಸ್ಸು ಕೇಳಲು ಆಳು ಬಂದ.

ಎರಡನೆಯ ಹುಡುಗನ ತಂದೆ ಜವಳಿ ವ್ಯಾಪಾರಿ. ಪಾಪ, ಚರ್ಚಿನಲ್ಲಿ ಉಪದೇಶದ ಹೊತ್ತಿಗೆ ಅವರಿಗೆ ನಿದ್ದೆ ಹತ್ತುತ್ತಿತ್ತು. ‘ಪಾದ್ರಿಯ ಮಾತಿಗೆ ತಪ್ಪದೆ ಆಮೆನ್ ಎನ್ನುವುದು ಸೋಮ್ನಸ್‌ನ ಮೂಗೊಂದೇ’ ಎಂದು ಬರೆದ ಪುಣ್ಯಾತ್ಮ. ಆ ಸಂಬಂಧವೂ ಹೋಯಿತು.

“ಹೆಸರು ಹಾಕಿಲ್ಲವಲ್ಲೇ, ಅರ್ಸುಲಾ!” ಎಂಬುದು ಹೆಂಡತಿಯ ಮುಂದೆ ಅವನ ವಾದ. “ಗಡ್ಡಕ್ಕೆ ಬಾರ್ಬಸ್, ನಿದ್ದೆಗೆ ಸೋಮ್ನಸ್ ಅಂತ ಲ್ಯಾಟಿನ್ ಹೆಸರು ಹಾಕಿದ್ದೀನಿ. ತನಗೇ ಅಂತ ಅವನ್ಯಾಕೆ ತಗೋಬೇಕು?”

ಲಂಡನ್ನಿನ ಚುಟುಕದವರೆಲ್ಲರ ಉಪಾಯ ಇದೇ. ಹೆಸರು ಲ್ಯಾಟಿನ್ನಿನದು, ಮೂಗು ಮಾತ್ರ ಪಕ್ಕದ ಬೀದಿಯವನದು. ಕೋಪ ಮಾಡಿಕೊಂಡವನು ಅದು ತಾನೇ ಎಂದು ಒಪ್ಪಿಕೊಂಡ ಹಾಗೆ. ಬರೆದವನಿಗೆ ಏನೂ ತಗಲುವುದಿಲ್ಲ. ತಗಲುವುದು ಹೆಂಡತಿಗೆ: ಮೀನಿನ ಅಂಗಡಿಯವನು ಅವಳಿಗೆ ನಿನ್ನೆಯ ಮೀನು ಕೊಡುತ್ತಾನೆ, ಬಾವಿಯ ಹತ್ತಿರ ಹೆಂಗಸರು ಅವಳನ್ನು ಕಂಡರೆ ಮಾತು ನಿಲ್ಲಿಸುತ್ತಾರೆ. ಮದುವೆಯಾದಾಗಿನಿಂದ ಇದನ್ನೇ ಕಂಡೂ ಕಂಡೂ ಅರ್ಸುಲಾ ರೋಸಿಹೋಗಿದ್ದಳು.

ಈಗ ಮೂರನೆಯ ಸಂಬಂಧ ಬಂದಿತ್ತು. ಸಕ್ಕರೆ ವ್ಯಾಪಾರಿ ಜರ್ವೇಸ್ ಟಾಲಿ ಸಾಹುಕಾರರ ಮಗ ಅಂಬ್ರೋಸ್. ಹುಡುಗನಿಗೆ ಸ್ವಲ್ಪ ತೊದಲು. ಗ್ರಿಸೆಲ್ ಎದುರಿಗಿದ್ದರೆ ಮಾತ್ರ ಅದು ಎಲ್ಲಿ ಹೋಗುತ್ತಿತ್ತೋ ಗೊತ್ತಿಲ್ಲ. ಈ ಸಲ ಮಗಳು ತಾಯಿಯ ಬಳಿ ಬಂದು ತಾನಾಗಿಯೇ ಹೇಳಿದ್ದಳು: “ಅಮ್ಮಾ, ಇದೊಂದು ತಪ್ಪಿಹೋದ್ರೆ ನಂಗೆ ಇನ್ಯಾರೂ ಬೇಡ. ಅಪ್ಪನ್ನ ಹೇಗಾದ್ರೂ ಸುಮ್ನಿರ್ಸು.”

ಸುಮ್ಮನಿರಿಸುವುದೇನು ಸಣ್ಣ ಕೆಲಸವೇ? ಟಾಲಿ ಸಾಹುಕಾರರು ಚುಟುಕಕ್ಕೆಂದೇ ಹುಟ್ಟಿಬಂದಂತಿದ್ದರು. ಹಿಂದೊಮ್ಮೆ ರಾಣಿಯ ಸಾರೋಟು ಸೇತುವೆಯ ಕಡೆ ಹೋಗುವಾಗ ಚಕ್ರ ಗುಂಡಿಗಿಳಿದು, ರಸ್ತೆಯ ಅಂಚಿನಲ್ಲಿ ನಿಂತಿದ್ದ ಅವರ ಮೇಲಂಗಿಗೆ ಕೆಸರು ರಾಚಿತ್ತು. ಎಡಭುಜದ ಮೇಲೆ ಅಂಗೈ ಅಗಲದ ಕಲೆ. ಆ ಕೆಸರನ್ನು ಅವರು ಇವತ್ತಿನವರೆಗೂ ತೊಳೆಯಗೊಟ್ಟಿರಲಿಲ್ಲ. ಹಬ್ಬಕ್ಕೂ ಅದೇ ಮೇಲಂಗಿ, ಸಾವಿಗೂ ಅದೇ ಮೇಲಂಗಿ. ಗುರುತಿಲ್ಲದವರು ಸಿಕ್ಕರೆ ಭುಜ ಮುಂದೆ ಮಾಡಿ, “ಇದು ಸಾಮಾನ್ಯ ಕೆಸರಲ್ಲ, ತಿಳೀತಾ?” ಎಂದು ಶುರುಮಾಡುತ್ತಿದ್ದರು.

ಅರ್ಸುಲಾ ಗಂಡನ ಮೇಜಿನ ಖಾನೆ ಎಳೆದು ನೋಡಿದರೆ ಕೆಸರಿನ ಮೇಲೆ ಒಂದಲ್ಲ, ಆರು ಚುಟುಕ ಸಿದ್ಧವಾಗಿದ್ದವು. ಆರನ್ನೂ ತಂದು ಒಲೆಗೆ ಹಾಕಿದಳು.

“ಅಯ್ಯೋ! ಐದನೇದು ಬಹಳ ಚೆನ್ನಾಗಿತ್ತು ಕಣೇ!” ವ್ಯಾಲೆಂಟೈನ್ ಎದೆ ಹಿಡಿದುಕೊಂಡ.

“ನಿಮ್ಮ ಮಗಳು ಅದಕ್ಕಿಂತ ಚೆನ್ನಾಗಿದ್ದಾಳೆ. ಬನ್ನಿ ಇಲ್ಲಿ. ಬೈಬಲ್ ಮೇಲೆ ಕೈ ಇಡಿ. ಟಾಲಿಯವರ ಕೆಸರಿನ ಬಗ್ಗೆ ಬದುಕಿರೋವರೆಗೂ ಒಂದು ಸಾಲು ಬರೆಯಲ್ಲ, ಹೇಳಲ್ಲ ಅಂತ ಆಣೆ ಇಡಿ.”

“ಬದುಕಿರೋವರೆಗೂ ಅಂದ್ರೆ...”

“ರೀ!”

ಅವನು ಕೈ ಇಟ್ಟ. ವ್ಯಾಲೆಂಟೈನ್ ಯಾರನ್ನು ಬಿಟ್ಟರೂ ದೇವರ ತಂಟೆಗೆ ಹೋಗುವವನಲ್ಲ. ಇಟ್ಟ ಆಣೆ ಇಟ್ಟಂತೆಯೇ. ಅರ್ಸುಲಾಗೆ ಎಷ್ಟೋ ವರ್ಷದ ಮೇಲೆ ನೆಮ್ಮದಿಯ ಉಸಿರು ಬಂತು.

ಇನ್ನು ಉಳಿದದ್ದು ಬಿಲ್ಲೆಗಳ ಕಾಟ. ನಿಶ್ಚಿತಾರ್ಥದ ಊಟವೆಂದ ಮೇಲೆ ಕೊನೆಗೆ ಸಿಹಿ ಬರಬೇಕು, ಸಿಹಿಯನ್ನು ತೆಳ್ಳನೆಯ ಮರದ ಬಿಲ್ಲೆಗಳ ಮೇಲೆ ಬಡಿಸಬೇಕು. ಬಿಲ್ಲೆಯ ಮೇಲ್ಮುಖ ಬೋಳು. ಸಿಹಿ ತಿಂದು ಮುಗಿಸಿದ ಮೇಲೆ ಅದನ್ನು ತಿರುವಿದರೆ, ಹಿಂಬದಿಯಲ್ಲಿ ಬಣ್ಣದ ಬಳ್ಳಿಯ ನಡುವೆ ಒಂದು ಪದ್ಯ ಬರೆದಿರುತ್ತದೆ. ಯಾರ ಪಾಲಿಗೆ ಯಾವುದು ಬಂತೋ ಅವರು ಎದ್ದು ಅದನ್ನು ಗಟ್ಟಿಯಾಗಿ ಓದಬೇಕು, ಉಳಿದವರು ನಗಬೇಕು. ಚುಟುಕದ ಪ್ರೌಸ್‌ನ ಮನೆಯಲ್ಲೇ ಬಿಲ್ಲೆ ಇಲ್ಲವೆಂದರೆ ಜನ ಏನಂದಾರು?

“ಬರೀರಿ,” ಎಂದಳು ಅರ್ಸುಲಾ. “ಆದ್ರೆ ಒಂದರಲ್ಲೂ ಮುಳ್ಳಿರಬಾರದು. ಹಾಲುಗಂಜಿ ಹಾಗಿರಬೇಕು. ಹಲ್ಲಿಲ್ಲದ ಮುದುಕಿ ನುಂಗೋ ಹಾಗಿರಬೇಕು.”

ವ್ಯಾಲೆಂಟೈನ್ ಪಟ್ಟ ಪಾಡು ಹೇಳತೀರದು. ಒಂದೊಂದು ಪದ್ಯಕ್ಕೂ ಹಲ್ಲು ಕೀಳಿಸಿಕೊಳ್ಳುವವನಂತೆ ನರಳಿದ. ಮೂರನೆಯ ಸಾಲಿನವರೆಗೆ ಸಾಧುವಾಗಿ ಬಂದದ್ದು ನಾಲ್ಕನೆಯ ಸಾಲಿನಲ್ಲಿ ಬಾಲ ಎತ್ತುತ್ತಿತ್ತು. ಅರ್ಸುಲಾ ಹಿಂದೆಯೇ ನಿಂತು ಅದನ್ನು ಹೊಡೆದುಹಾಕಿಸುತ್ತಿದ್ದಳು. ಕೊನೆಗೆ ಬಣ್ಣದವನು ಬಿಲ್ಲೆಗಳನ್ನು ಬರೆದು ತಂದಾಗ, “ಇದು ನಿಮ್ಮದೇನಾ ಸ್ವಾಮಿ?” ಎಂದು ಕೇಳಿಯೇಬಿಟ್ಟ. ವ್ಯಾಲೆಂಟೈನ್ ನೆಟ್ಟಗೆ ಮಹಡಿಗೆ ಹೋಗಿ ಮಲಗಿಬಿಟ್ಟ.

ಜೂನ್ ತಿಂಗಳ ಮಧ್ಯಾಹ್ನ. ಕಿಟಕಿಗಳನ್ನೆಲ್ಲ ತೆರೆದಿಟ್ಟರೂ ಸೆಕೆ. ಅಂಥದ್ದರಲ್ಲಿ ಟಾಲಿ ಸಾಹುಕಾರರು ಉಣ್ಣೆಯ ಮೇಲಂಗಿ ಹೊದ್ದುಕೊಂಡು, ಬಾಗಿಲಿನಲ್ಲಿ ಎಡಭುಜವನ್ನು ಮೊದಲು ಒಳಗೆ ತಂದು, ಆಮೇಲೆ ತಾವು ಬಂದರು. ಹಿಂದೆ ಹೆಂಡತಿ ಡಾರ್ಕಸ್, ಅವಳ ಹಿಂದೆ ಅಂಬ್ರೋಸ್, ಅವರ ಕಡೆಯ ನಾಲ್ಕಾರು ನೆಂಟರು. ಸಾಹುಕಾರರ ಮುಖದಲ್ಲಿ ಎಂಥದೋ ಕಳೆ. ಊಟದುದ್ದಕ್ಕೂ ಅವರು ವ್ಯಾಲೆಂಟೈನ್ ಕಡೆ ನೋಡುವುದು, ಭುಜ ಅತ್ತ ತಿರುಗಿಸುವುದು, ಕೆಮ್ಮುವುದು.

“ಮಳೆಗಾಲದಲ್ಲಿ ರಸ್ತೆ ಬಹಳ ಕೆಸರಾಗಿರುತ್ತೆ, ಅಲ್ವಾ ವಕೀಲರೇ?” ಎಂದರು ಒಮ್ಮೆ.

ವ್ಯಾಲೆಂಟೈನ್‌ನ ಕಿವಿ ಕೆಂಪಾಯಿತು. ಅರ್ಸುಲಾ ಮೇಜಿನ ಕೆಳಗೆ ಅವನ ಕಾಲು ತುಳಿದಳು. “ಹೌದು, ಹೌದು,” ಎಂದು ಅವನು ಕುರಿಮಾಂಸದ ತುಂಡನ್ನು ಬಾಯಿಗೆ ತುರುಕಿಕೊಂಡ.

ಬಾದಾಮಿ ಮಿಠಾಯಿ ಬಂತು, ಸಕ್ಕರೆ ಪಾಕದ ಪೇರುಹಣ್ಣು ಬಂತು, ಲವಂಗದ ದ್ರಾಕ್ಷಾರಸ ಬಂತು. ಟಾಲಿ ಸಾಹುಕಾರರು ತಮ್ಮ ಬಿಲ್ಲೆಯ ಮೇಲಿದ್ದದ್ದನ್ನು ಎರಡೇ ತುತ್ತಿಗೆ ಮುಗಿಸಿ, ಕರವಸ್ತ್ರದಿಂದ ಬಾಯೊರೆಸಿ, ಎದ್ದು ನಿಂತರು. ಕೋಪ ಬಂದವರ ಹಾಗೆ ಹುಬ್ಬು ಗಂಟಿಕ್ಕಿಕೊಂಡು, ಅದರ ಕೆಳಗೆ ನಗುವನ್ನು ಬಚ್ಚಿಟ್ಟುಕೊಂಡು, ಬಿಲ್ಲೆ ತಿರುವಿ ಓದಿದರು:

‘ಉಂಡ ಮೇಲೆ ಕೈ ತೊಳೆಯಿರಿ, ಕಂಡವರಿಗೆ ನಗೆ ಬೀರಿರಿ.’

ಯಾರೋ ಒಬ್ಬರು ಮರ್ಯಾದೆಗೆ ನಕ್ಕರು. ಸಾಹುಕಾರರು ಬಿಲ್ಲೆಯನ್ನು ಇನ್ನೊಮ್ಮೆ ತಿರುವಿದರು. ಬೋಳು ಬದಿಯಲ್ಲಿ ಬಾದಾಮಿಯ ಪುಡಿ ಬಿಟ್ಟರೆ ಏನೂ ಇರಲಿಲ್ಲ.

“ನಿಂದೇನಿದೆ ಕೊಡಿಲ್ಲಿ,” ಎಂದು ಹೆಂಡತಿಯ ಬಿಲ್ಲೆ ಕಿತ್ತುಕೊಂಡರು. ಅದರಲ್ಲಿ ಬೇಗ ಮಲಗಿ ಬೇಗ ಏಳುವ ವಿಷಯ. ಮಗನದು ತಗೊಂಡರು, ನೆಂಟರದು ತಗೊಂಡರು. ಎಲ್ಲ ಹಾಲುಗಂಜಿ. ಅವರ ಮುಖ ಇಳಿಯಿತು. ನಿಜವಾದ ಕೋಪ ಈಗ ಬಂತು.

“ಏನ್ರೀ ವಕೀಲರೇ ಇದು?”

“ಪದ್ಯ,” ಎಂದ ವ್ಯಾಲೆಂಟೈನ್, ತಲೆ ತಗ್ಗಿಸಿ.

“ಅದು ನಂಗೂ ಕಾಣುತ್ತೆ. ಅಕ್ಕಸಾಲಿಗನ ಗಡ್ಡದ ಮೇಲೆ ಬರೆದ್ರಿ. ಜವಳಿಯವನ ಗೊರಕೆ ಮೇಲೆ ಬರೆದ್ರಿ. ಚರ್ಚಿನ ಗಂಟೆ ಹೊಡಿಯೋನ ನಾಯಿ ಮೇಲೆ ಬರೆದ್ರಿ. ನಾಯಿ, ಸ್ವಾಮಿ! ಅದು ಬೀದೀಲಿ ಹೋದ್ರೆ ಜನ ತೋರಿಸಿ ನಗ್ತಾರೆ. ನಾನು ಆ ನಾಯಿಗೂ ಕಡೆ ಆದ್ನಾ? ಇಷ್ಟು ವರ್ಷ ಈ ಕೆಸರನ್ನ ಕಣ್ಣಲ್ಲಿ ಕಣ್ಣಿಟ್ಟು ಕಾಪಾಡಿದ್ದೀನಿ. ಇವತ್ತು ಬರುತ್ತೆ, ನಾಳೆ ಬರುತ್ತೆ ಅಂತ ಕಾದಿದ್ದೀನಿ. ಬೀಗರಾಗ್ತಿದೀವಿ, ಈಗಲಾದ್ರೂ ಎರಡು ಸಾಲು ಗಿಟ್ಟುತ್ತೆ ಅಂತ ಈ ಸೆಕೇಲಿ ಇದನ್ನ ಹೊದ್ದುಕೊಂಡು ಬಂದೆ. ನಂಗೆ ಕೈ ತೊಳಿ ಅಂತೀರಾ?”

ಅರ್ಸುಲಾ ಕೂತಲ್ಲೇ ಹಣೆಗೆ ಕೈ ಹಚ್ಚಿದಳು. ಅಯ್ಯೋ ನನ್ನ ಕರ್ಮವೇ! ಬರೆದರೆ ಉಂಗುರ ವಾಪಸ್ಸು, ಬರೆಯದಿದ್ದರೂ ಉಂಗುರ ವಾಪಸ್ಸು. ಈ ಊರಿನ ಗಂಡಸರನ್ನು ದೇವರು ಯಾವ ಮಣ್ಣಿನಿಂದ ಮಾಡಿದನೋ!

“ಈಗ ಹೇಳಿ,” ಎಂದರು ಸಾಹುಕಾರರು. “ಈಗಿಂದೀಗ್ಲೇ ಒಂದು ಹೇಳಿ. ಖಾರವಾಗಿರ್ಲಿ.”

ವ್ಯಾಲೆಂಟೈನ್ ಬಾಯಿ ತೆರೆದ. ಒಲೆಗೆ ಬಿದ್ದ ಆರೂ ಚುಟುಕಗಳು ಅವನ ನಾಲಿಗೆಯ ತುದಿಗೆ ಬಂದು ನಿಂತಿದ್ದು ಅರ್ಸುಲಾಗೆ ಕಂಡಿತು. ಮತ್ತೆ ಬಾಯಿ ಮುಚ್ಚಿದ. ಅಳುವವನಂತೆ ಹೆಂಡತಿಯ ಮುಖ ನೋಡಿದ.

“ಆಗಲ್ಲ ಟಾಲಿಯವರೇ. ಬೈಬಲ್ ಮುಟ್ಟಿ ಆಣೆ ಇಟ್ಟಿದ್ದೀನಿ. ನಿಮ್ಮ ಕೆಸರಿನ ಮಾತು ಎತ್ತೋ ಹಾಗಿಲ್ಲ.”

“ಆಣೆನಾ? ಯಾರು ಇಡಿಸಿದ್ದು?”

ಎಲ್ಲರ ಕಣ್ಣೂ ಅರ್ಸುಲಾಳ ಮೇಲೆ ಬಿತ್ತು.

“ಓಹೋ. ನಮ್ಮ ಕೆಸರು ನಿಮ್ಮ ಮನೇಲಿ ಬಾಯಲ್ಲೂ ಬರಬಾರದು. ಅಷ್ಟು ಹೇಸಿಗೆ! ಏಳೋ ಅಂಬ್ರೋಸ್. ನಡಿಯೇ ಡಾರ್ಕಸ್.” ಸಾಹುಕಾರರು ಕುರ್ಚಿ ಹಿಂದಕ್ಕೆ ತಳ್ಳಿದರು.

ಅಂಬ್ರೋಸ್ ಏಳಲಿಲ್ಲ. “ಅ-ಅ-ಅಪ್ಪಾ,” ಎಂದ. ಗ್ರಿಸೆಲ್ ಎದುರಿಗೆ ಅವನು ತೊದಲಿದ್ದು ಅದೇ ಮೊದಲು. ಗ್ರಿಸೆಲ್ ಅಪ್ಪನನ್ನು ನೋಡಲಿಲ್ಲ, ತಾಯಿಯನ್ನು ನೋಡಿದಳು.

ಅರ್ಸುಲಾ ಎದ್ದು ನಿಂತಳು. ಅವಳಿಗೆ ಪದ್ಯ ಹೇಳಬೇಕೆಂದೇನೂ ಇರಲಿಲ್ಲ, ಬೈಯಬೇಕೆಂದಿತ್ತು. ಮದುವೆಯಾದಾಗಿನಿಂದ ನುಂಗಿಕೊಂಡದ್ದೆಲ್ಲ ಗಂಟಲಿಗೆ ಬಂದಿತ್ತು: ನಿನ್ನೆಯ ಮೀನು, ಬಾವಿಕಟ್ಟೆಯ ಮೌನ, ವಾಪಸ್ಸು ಹೋದ ಉಂಗುರಗಳು, ಗಂಡನ ಅಂಗಿತೋಳಿನ ಹೋಗದ ಶಾಯಿ. ಬೈಗುಳವೇ ಹೊರಟಿತು. ಆದರೆ ಹಗಲೂ ಇರುಳೂ ಪ್ರಾಸ ಕೇಳಿ ಕೇಳಿ ಕೆಟ್ಟುಹೋದ ಕಿವಿ ನೋಡಿ, ಬಾಯಿಗೆ ಬರುವಷ್ಟರಲ್ಲಿ ಅದು ಸಾಲು ಕಟ್ಟಿಕೊಂಡಿತ್ತು. ಮೊದಲು ಬೀಗರತ್ತ, ಆಮೇಲೆ ಗಂಡನತ್ತ ಬೆರಳು ಮಾಡಿ ಹೇಳಿದಳು:

“ಕೆಸರು ಬಿದ್ದವನೊಬ್ಬ, ತೊಳೆಯಲೊಲ್ಲ;
ಕೆಸರೆರಚುವವನೊಬ್ಬ, ನಿಲ್ಲಿಸಲೊಲ್ಲ;
ಬೀಗರಾಗಲಿ ಬಿಡಿ ಇವರಿಬ್ಬರು,
ಬಟ್ಟೆ ಒಗೆಯಲು ಇದ್ದೇವೆ ನಾವಿಬ್ಬರು!”

ಕೊನೆಯ ಸಾಲಿಗೆ ಬೆರಳು ಡಾರ್ಕಸ್ ಕಡೆ ತಿರುಗಿತ್ತು.

ಮೊದಲು ನಕ್ಕವಳು ಡಾರ್ಕಸ್. ಊಟದುದ್ದಕ್ಕೂ ಒಂದು ಮಾತಾಡದೆ ಕೂತಿದ್ದ ಹೆಂಗಸು ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಂತೆ, ಮೇಜಿಗೆ ಹಣೆ ತಾಗುವಂತೆ ನಕ್ಕಳು. “ನಾವಿಬ್ಬರು!” ಎನ್ನುವುದು, ಮತ್ತೆ ನಗುವುದು. ನೆಂಟರು ನಕ್ಕರು. ಅಂಬ್ರೋಸ್ ನಕ್ಕ, ಗ್ರಿಸೆಲ್ ಅಳುತ್ತಲೇ ನಕ್ಕಳು.

ಟಾಲಿ ಸಾಹುಕಾರರು ನಿಧಾನವಾಗಿ ಕೂತರು. “ಇನ್ನೊಂದ್ಸಲ ಹೇಳಿ,” ಎಂದರು.

ಅರ್ಸುಲಾ ಹೇಳಿದಳು. ಸಾಹುಕಾರರು ತುಟಿಯಲ್ಲೇ ಗುನುಗಿಕೊಂಡರು. ಎರಡನೆಯ ಸಲ ಗುನುಗುವಾಗ ಮುಖ ಅರಳಿತು. “ಮೊದಲ್ನೇ ಸಾಲೇ ನಂದು! ಕೇಳಿದ್ಯೇನೋ ಅಂಬ್ರೋಸ್, ಮೊದಲ್ನೇ ಸಾಲು! ಇದನ್ನ ದೊಡ್ಡ ಬಿಲ್ಲೇಲಿ ಬರೆಸಿ ಅಂಗಡಿ ಬಾಗಿಲಿಗೆ ಹೊಡೆಸ್ತೀನಿ. ಆ ನಾಯಿಯವನು ಬಂದು ನೋಡ್ಲಿ.”

“ಹಾಗಾದ್ರೆ ಇನ್ನು ಕೆಸರು ಬಾಗಿಲ ಮೇಲಿರುತ್ತೆ,” ಎಂದಳು ಡಾರ್ಕಸ್, ಕಣ್ಣೊರೆಸಿಕೊಳ್ಳುತ್ತ. “ಭುಜದ ಮೇಲ್ಯಾಕೆ? ಬಿಚ್ಚಿ ಇತ್ಲಾಗೆ.” ಗಂಡ ಹೂಂ ಅನ್ನುವುದರೊಳಗೆ ಮೇಲಂಗಿಯನ್ನು ಕಿತ್ತು ಕಂಕುಳಲ್ಲಿ ಸುತ್ತಿಟ್ಟುಕೊಂಡಳು. “ನಿಮ್ಮನೇಲಿ ತೊಟ್ಟಿ ಎಲ್ಲಿದೆ ಅರ್ಸುಲಾ? ಇವರು ಮನಸ್ಸು ಬದಲಾಯಿಸೋದ್ರೊಳಗೆ ನೆನೆಹಾಕಿಬಿಡ್ತೀನಿ.”

ಹೆಂಗಸರಿಬ್ಬರೂ ಹಿತ್ತಿಲಿಗೆ ಹೋದರು. ಒಳಗೆ ಉಂಗುರ ಬದಲಾಯಿಸಿ, ಪಾದ್ರಿಯನ್ನು ಯಾವಾಗ ಕರೆಯಬೇಕೆಂಬ ಮಾತು ಶುರುವಾಗಿತ್ತು. ತೊಟ್ಟಿಯ ನೀರು ಒಂದೇ ಮುಳುಗಿಗೆ ಕಂದುಬಣ್ಣಕ್ಕೆ ತಿರುಗಿತು; ಡಾರ್ಕಸ್ ಅದನ್ನು ಚೆಲ್ಲಿ ಇನ್ನೊಂದು ಕೊಡ ತರಲು ಬಾವಿಯ ಕಡೆ ನಡೆದಳು.

ಹಿತ್ತಿಲ ಬಾಗಿಲಲ್ಲಿ ವ್ಯಾಲೆಂಟೈನ್ ಬಂದು ನಿಂತ. ಈಗ ಬಂತು ನೋಡು, ಎಂದುಕೊಂಡಳು ಅರ್ಸುಲಾ. ಮೂರನೆಯ ಸಾಲು ಕುಂಟುತ್ತದೆ ಎನ್ನುತ್ತಾನೆ. ಇಲ್ಲವಾದರೆ ಇದು ತನ್ನದೇ ಎಂದು ನಾಳೆ ಪಡಖಾನೆಯಲ್ಲಿ ಓದುತ್ತೇನೆನ್ನುತ್ತಾನೆ. ಎರಡಕ್ಕೂ ಉತ್ತರ ಸಿದ್ಧಮಾಡಿಕೊಂಡು ಸೊಂಟದ ಮೇಲೆ ಕೈ ಇಟ್ಟಳು.

ಅವನು ತನ್ನ ತೋಳಿನ ಶಾಯಿಯ ಕಲೆಯನ್ನು ನೋಡಿಕೊಳ್ಳುತ್ತಿದ್ದ.

“ಅರ್ಸುಲಾ... ನಾನು ಅಷ್ಟೊಂದು ಎರಚ್ತೀನಾ?”

ಸಿದ್ಧಮಾಡಿಟ್ಟ ಉತ್ತರಗಳು ಯಾವುವೂ ಅದಕ್ಕೆ ಹೊಂದಲಿಲ್ಲ. ಅವಳು ಸುಳ್ಳು ಹೇಳಲೂ ಇಲ್ಲ, ಪ್ರಾಸ ಹುಡುಕಲೂ ಇಲ್ಲ.

“ಹೂಂ,” ಎಂದಳು. “ಅಂಗಿ ಬಿಚ್ಚಿ ಕೊಡಿ. ತೊಟ್ಟೀಲಿ ಜಾಗ ಇದೆ.”