ನಲವತ್ತು ನಲ್ಲಿಗೆ ಕುಂಕುಮ

ಸೂಳಗಿರಿ ಹತ್ತಿರದ ಆ ಎಂಜಿನಿಯರಿಂಗ್ ಕಾಲೇಜಿಗೆ ಹನ್ನೆರಡು ವರ್ಷದಿಂದ ನೀರು ಬಿಡ್ತಿದ್ದವನು ಚಿನ್ನಸ್ವಾಮಿ. ಟ್ಯಾಂಕು ಎಷ್ಟು ತುಂಬಿದೆ ಅನ್ನೋದನ್ನ ಪೈಪಿನ ಸದ್ದಲ್ಲೇ ಹೇಳ್ತಿದ್ದ. ಅಂಥವನನ್ನ ಪ್ರಿನ್ಸಿಪಾಲ್ ಲಕ್ಷ್ಮೀಪತಿ ಕರೆಸಿ, ಇನ್ಮೇಲೆ ಮೋಟರು ತಾನೇ ಓಡುತ್ತೆ, ತಾನೇ ನಿಲ್ಲುತ್ತೆ, ಕೈ ಒಡ್ಡಿದರೆ ಮಾತ್ರ ನಲ್ಲಿ ನೀರು ಬಿಡುತ್ತೆ, ಆಯುಧಪೂಜೆ ಆದಮೇಲೆ ನೀನು ಬರೋದು ಬೇಡ ಅಂದುಬಿಟ್ಟರು. ನೀರು ಉಳಿಸೋಕೆ ಮನುಷ್ಯನನ್ನ ಚೆಲ್ಲೋ ಬುದ್ಧಿ ಓದಿದೋರಿಗೇ ಬರಬೇಕು.

ಪೂಜೆ ದಿನ ಲೇತ್ ಮಿಷನ್ನು, ಬಸ್ಸು, ಜೆರಾಕ್ಸು ಎಲ್ಲಕ್ಕೂ ಬೊಟ್ಟು ಬಿತ್ತು. ಕೊನೆಗೆ ಹೊಸ ನಲ್ಲಿಗಳ ಸರದಿ. ರಜೆ ಅಂತ ಚಿನ್ನಸ್ವಾಮಿ ವಾಡಿಕೆಯಂತೆ ಮೇನ್ ವಾಲ್ವು ಮುಚ್ಚಿದ್ದ. ಲಕ್ಷ್ಮೀಪತಿ ಫೋಟೋದವನನ್ನ ಪಕ್ಕದಲ್ಲಿಟ್ಟುಕೊಂಡು, ನಲವತ್ತು ನಲ್ಲಿಗೂ ಗಟ್ಟಿ ಗಂಧದ ಮೇಲೆ ಕುಂಕುಮ ಒತ್ತಿದರು. ಒತ್ತಿದ್ದು ಸರಿಯಾಗಿ ಕೈ ಗುರುತು ಹಿಡಿಯೋ ಸೆನ್ಸರಿನ ಮೇಲೆ.

"ಸಾರ್, ಅದರ ಮೇಲೆ ಬ್ಯಾಡ. ಅದು ಗಂಧಾನೇ ಕೈ ಅಂದ್ಕೊಬುಡ್ತದೆ."

"ಪೂಜೆಗೆ ಬಂದ್ಯೋ, ನಂಗೆ ಪಾಠ ಹೇಳೋಕೆ ಬಂದ್ಯೋ?"

ಮೇಷ್ಟ್ರುಗಳೆಲ್ಲ ನಕ್ಕರು. ಹೋಗೋವಾಗ ಲಕ್ಷ್ಮೀಪತಿಗೆ ವಾಲ್ವು ಮುಚ್ಚಿರೋದು ಗೊತ್ತಾಯ್ತು. ಮಿಷನ್ ನೋಡ್ಕೊಳ್ಳುತ್ತೆ, ತೆಗೆದು ವಾಲ್ವಿನ ಬೀಗದ ಕೈ ಕೊಟ್ಟು ಹೋಗು ಅಂದರು. ಚಿನ್ನಸ್ವಾಮಿ ಹಲ್ಲು ಕಚ್ಚಿಕೊಂಡು ತೆಗೆದ, ಬೀಗದ ಕೈ ಕೊಟ್ಟ, ಪುರಿ ಕಡಲೆ ಪೊಟ್ಟಣ ಹಿಡಿದು ಕೆಲಮಂಗಲದ ಬಸ್ಸು ಹತ್ತಿದ.

ಮೂರು ದಿನ ಕಾಲೇಜಲ್ಲಿ ನರಪಿಳ್ಳೆ ಇಲ್ಲ. ನಲ್ಲಿಗಳು ಇಲ್ಲದ ಕೈಗಳಿಗೆ ನೀರು ಸುರಿದವು. ಟ್ಯಾಂಕು ಇಳಿದಾಗೆಲ್ಲ ಮೋಟರು ಬಲು ವಿಧೇಯವಾಗಿ ತುಂಬಿಸ್ತು. ಸೋಮವಾರ ಗೇಟು ತೆಗೆದರೆ ಪಾರ್ಕಿಂಗಲ್ಲಿ ಯಾರದೋ ಎರಡು ಎಮ್ಮೆ ಆರಾಮಾಗಿ ಮಲಗಿದ್ದವು. ನೀರುಳಿಸಿ ಅಂತ ಬರೆದಿದ್ದ ಹೊಸ ಬೋರ್ಡಿನ ಕೆಳಗೆ ಕಪ್ಪೆ ಕೂಗ್ತಿತ್ತು.

ನಲ್ಲಿ ಕಂಪನಿಯ ರಮ್ಯ ಹೊಸೂರಿಂದ ಬಂದು ಎರಡು ಗಂಟೆ ಲ್ಯಾಪ್‌ಟಾಪ್ ತಡಕಿದಳು. ಕೆಲಸ ಹೋದ ಹೊಟ್ಟೆಕಿಚ್ಚಿಗೆ ಚಿನ್ನಸ್ವಾಮಿಯೇ ಏನೋ ಮಾಡಿಟ್ಟಿದ್ದಾನೆ, ಪೊಲೀಸಿಗೆ ಕೊಡ್ತೀನಿ ಅಂತ ಲಕ್ಷ್ಮೀಪತಿ ಕೂಗಾಡಿ ಅವನನ್ನ ಕರೆಸಿದರು.

ಬಂದವನು ಹೆಗಲ ಮೇಲಿನ ಟವೆಲ್ ತುದಿ ಒದ್ದೆ ಮಾಡಿ ಮೊದಲನೇ ನಲ್ಲಿಯ ಗಂಧ ಒರೆಸಿದ. ನೀರು ಟಪ್ಪಂತ ನಿಂತಿತು.

"ಅಣ್ಣಾ, ಇದನ್ನ ಹಚ್ಚಿದ್ಯಾರು?" ರಮ್ಯ ಕೇಳಿದಳು.

ಲಕ್ಷ್ಮೀಪತಿ ಗೋಡೆ ನೋಡಿದರು. ಗೋಡೆಗೆ ಹೊಸದಾಗಿ ಅಂಟಿಸಿದ್ದ ಪೂಜೆ ಫೋಟೋದಲ್ಲಿ ಅವರ ಬೆರಳು ಇನ್ನೂ ಸೆನ್ಸರಿನ ಮೇಲೇ ಇತ್ತು. ರಮ್ಯಾನೂ ಅದನ್ನೇ ನೋಡಿದಳು. ಆಮೇಲೆ ತಲೆ ತಗ್ಗಿಸಿ, ಸೆನ್ಸರು ಒರೆಸೋಕೆ, ರಜೆಗೆ ವಾಲ್ವು ಮುಚ್ಚೋಕೆ ಕೆಲಸ ಬಲ್ಲ ಆಳು ಇರಲೇಬೇಕು ಅಂತ ರಿಪೋರ್ಟ್ ಬರೆದಳು.

ಲಕ್ಷ್ಮೀಪತಿ ರಿಪೋರ್ಟ್ ಓದಿ ಮಡಚಿಟ್ಟರು. "ನಾಳೆ ಎಷ್ಟೊತ್ತಿಗೆ ಬರ್ತೀಯಪ್ಪ, ಚಿನ್ನಸ್ವಾಮಿ?"

"ನಾಳೆ ಯಾಕೆ ಸಾರ್? ಮೊದಲು ಬೀಗದ ಕೈ ಕೊಡಿ. ಇನ್ನೂ ಮೂವತ್ತೊಂಬತ್ತು ಸುರೀತಾ ಅವೆ."